ಹಳೆ ಫಿಯಟ್ಟನ್ನು ಅಸಲಿತನದ ಸ್ಪರ್ಧೆಗೆ ಸಿದ್ಧ ಮಾಡುವುದು ಹೇಗೆ: ಬಳ್ಳಾರಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯಲ್ಲಿರುವುದು 1969ರ ಫಿಯಟ್ 1100 ಡಿಲೈಟ್. ಅಪ್ಪ ಕೊಂಡಿದ್ದು. ಅದನ್ನು ಮೊದಲ ಸಲ ಹಳೆ ಕಾರುಗಳ ಸ್ಪರ್ಧೆಗೆ ಒಯ್ಯೋಣ ಅಂತ ಹೊರಟಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಮುಂದಿನ ಬ್ಯಾಡ್ಜ್ ಮಂಕಾಗಿದೆ ಅಂತ ಬಿಚ್ಚಿ ಒಂದು ಪ್ಲೇಟಿಂಗ್ ಅಂಗಡಿಗೆ ಕೊಟ್ಟೆ. ಅವರು ಅದನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಫಳಫಳ ಹೊಳೆಯುವಂತೆ ಮಾಡಿಕೊಟ್ಟರು. ಮನೆಗೆ ತಂದು ನೋಡಿದರೆ ಅಕ್ಷರಗಳ ಚೂಪು ಅಂಚೆಲ್ಲ ಸವೆದು, ಕರಗಿದ ಬೆಲ್ಲದಚ್ಚಿನ ಹಾಗೆ ಮೊಂಡಾಗಿತ್ತು. ಐವತ್ತು ವರ್ಷ ಬಳ್ಳಾರಿ ಬಿಸಿಲು ತಡೆದ ಬ್ಯಾಡ್ಜ್ ಅರ್ಧ ಗಂಟೆಯಲ್ಲಿ ಹಾಳಾಯಿತು. ಅದನ್ನು ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಅಸಲಿತನದ ತೀರ್ಪು ಅಂದರೆ ಕಾರು ಎಷ್ಟು ಚೆಂದ ಇದೆ ಅಂತ ನೋಡುವುದಲ್ಲ. ಅದು ಕಾರ್ಖಾನೆಯಿಂದ ಹೊರಗೆ ಬಂದ ದಿನ ಹೇಗಿತ್ತೋ ಇವತ್ತು ಅದಕ್ಕೆ ಎಷ್ಟು ಹತ್ತಿರ ಇದೆ ಅಂತ ನೋಡುತ್ತಾರೆ. ಸಾಮಾನ್ಯವಾಗಿ 100 ಅಂಕದಿಂದ ಶುರು ಮಾಡಿ, ತಪ್ಪು ಸಿಕ್ಕ ಹಾಗೆ ಕಳೆಯುತ್ತಾ ಹೋಗುತ್ತಾರೆ. ಪೇಂಟ್ ಮಾಡಬಾರದ ಕಡೆ ಪೇಂಟ್, ಕ್ರೋಮ್ ಇಲ್ಲದ ಕಡೆ ಕ್ರೋಮ್ ಇದ್ದರೂ ಅಂಕ ಹೋಗುತ್ತದೆ.

ಯಾವ ವಿಭಾಗಕ್ಕೆ, ಮೊದಲು ತೀರ್ಮಾನಿಸಿ

ಹೆಚ್ಚಿನ ಕಡೆ ಎರಡು ಬೇರೆ ವಿಭಾಗ ಇರುತ್ತವೆ. ಒಂದು, ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಕಾರುಗಳಿಗೆ. ಇನ್ನೊಂದು, ಇದ್ದ ಹಾಗೇ ಉಳಿಸಿಕೊಂಡು ಬಂದ ಕಾರುಗಳಿಗೆ. ನಿಮ್ಮ ಕಾರಿನ ಕಂಪನಿ ಪೇಂಟ್ ಅರ್ಧಕ್ಕಿಂತ ಜಾಸ್ತಿ ಬದುಕಿದ್ದರೆ, ದಯವಿಟ್ಟು ಎರಡನೆಯದಕ್ಕೆ ಹೋಗಿ. ಹೊಸ ಪೇಂಟ್ ಯಾವತ್ತು ಬೇಕಾದರೂ ಹೊಡೆಸಬಹುದು. ಹಳೆಯದನ್ನು ವಾಪಸ್ ತರುವ ದಾರಿ ಇಲ್ಲ.

ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐವಿಎ ಪ್ರಕಾರ, ಐತಿಹಾಸಿಕ ವಾಹನ ಅನ್ನಿಸಿಕೊಳ್ಳಲು ಕನಿಷ್ಠ 30 ವರ್ಷ ಆಗಿರಬೇಕು, ಅದರ ಕಾಲಕ್ಕೆ ಸರಿಯಾದ ಸ್ಥಿತಿಯಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು. ನಮ್ಮ ಕೇಂದ್ರ ಸರ್ಕಾರದ 2021ರ ನಿಯಮದಲ್ಲಿ ವಿಂಟೇಜ್ ಅನ್ನಲು 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಣಿ ಮಾಡಿಸಿದರೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಹಳೆ ನಂಬರ್ ಕೂಡ ಕಾರಿನ ಅಸಲಿ ಭಾಗವೇ, ಅದನ್ನು ಕಳೆದುಕೊಳ್ಳಬೇಡಿ.

ಮೊದಲ ವಾರ ಸ್ಪಾನರ್ ಮುಟ್ಟಬೇಡಿ

ಒಂದು ಉದ್ದನೆಯ ನೋಟ್‌ಬುಕ್, ಒಂದು ಟಾರ್ಚ್, ಮೊಬೈಲ್ ಸಾಕು. ಬೆಳಿಗ್ಗೆ ಏಳು ಗಂಟೆಯ ಎಳೆ ಬಿಸಿಲಲ್ಲಿ ಕಾರನ್ನು ನಿಲ್ಲಿಸಿ. ಬೆಳಕು ಓರೆಯಾಗಿ ಬಿದ್ದಾಗ ಟಿಂಕರಿಂಗ್ ಆದ ಜಾಗ ಅಲೆಅಲೆಯಾಗಿ ಕಾಣುತ್ತದೆ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಏನೂ ಕಾಣುವುದಿಲ್ಲ.

ಮುಂದಿನಿಂದ ಹಿಂದಕ್ಕೆ ಒಂದೊಂದೇ ಭಾಗ ನೋಡುತ್ತಾ, ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಮಾಡಿಕೊಳ್ಳಿ. ಕಾರಿನ ಜೊತೆಗೇ ಬಂದದ್ದು, ಆ ಕಾಲದಲ್ಲೇ ಹಾಕಿಸಿದ್ದು, ಆಮೇಲೆ ಬದಲಾದದ್ದು, ಗೊತ್ತಿಲ್ಲದ್ದು. ನಾಲ್ಕನೆಯ ಸಾಲು ಉದ್ದ ಆದಷ್ಟೂ ಒಳ್ಳೆಯದು. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದುಕೊಂಡು ಬದಲಾಯಿಸುವುದರಿಂದಲೇ ಕಾರುಗಳು ಹಾಳಾಗುವುದು.

ಬೀರು ತೆಗೆದು ಹಳೆ ಆಲ್ಬಮ್‌ಗಳನ್ನು ನೋಡಿ. ಮುಖ್ಯವಾಗಿ ಮದುವೆ ಆಲ್ಬಮ್. ಆಗ ಓಣಿಯಲ್ಲಿ ಯಾರ ಮದುವೆ ಆದರೂ ಮೆರವಣಿಗೆಗೆ ಯಾರದೋ ಮನೆಯ ಫಿಯಟ್ಟೋ ಅಂಬಾಸಿಡರೋ ಬರುತ್ತಿತ್ತು. ನಮ್ಮ ಕಾರಿನ ಹಬ್‌ಕ್ಯಾಪ್ ಯಾವುದಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಸೋದರತ್ತೆಯ ಮದುವೆಯ ಕಪ್ಪುಬಿಳುಪು ಫೋಟೊದಿಂದ. ಬಾನೆಟ್ ತುಂಬ ಸೇವಂತಿಗೆ ಹಾರ, ಕೆಳಗೆ ಮೂಲೆಯಲ್ಲಿ ಮುಂದಿನ ಚಕ್ರ. ಫೋಟೊವನ್ನು ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ನೋಡಿದೆವು. ಆದರೆ ಫೋಟೊ ಯಾವ ವರ್ಷದ್ದು ಅಂತ ಬರೆದಿಡಿ. ಕಾರು ಬಂದು ಐದು ವರ್ಷ ಆದ ಮೇಲಿನ ಫೋಟೊ ಆದರೆ, ಅಷ್ಟರಲ್ಲಿ ಏನಾದರೂ ಬದಲಾಗಿರಬಹುದು.

ನಂಬರುಗಳು, ಕಾಗದಗಳು

ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಯಲ್ಲಿ ಇರುವುದಕ್ಕೆ ತಾಳೆ ಆಗಬೇಕು. ನಂಬರ್ ಕೊರೆದ ಜಾಗದಲ್ಲಿ ಗ್ರೀಸ್ ಗಟ್ಟಿಯಾಗಿ ಕೂತಿರುತ್ತದೆ. ಅಲ್ಲಿ ತಂತಿ ಬ್ರಶ್, ಉಪ್ಪುಕಾಗದ ಬೇಡವೇ ಬೇಡ. ಹತ್ತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹತ್ತು ನಿಮಿಷ ಅಂಟಿಸಿ ಬಿಡಿ, ಆಮೇಲೆ ಹಳೆ ಹಲ್ಲುಜ್ಜುವ ಬ್ರಶ್‌ನಲ್ಲಿ ಮೆಲ್ಲಗೆ ತಿಕ್ಕಿ. ಒಣಗಿದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ, ಆರ್‌ಟಿಒ ಕೆಲಸಕ್ಕೆ ತೆಗೆಯುವ ಹಾಗೇ. ಆ ಪ್ರಿಂಟ್ ನಿಮ್ಮ ಫೈಲಿನ ಮೊದಲ ಪುಟ ಆಗಲಿ. ನಂಬರ್ ಅಳಿಸಿದ್ದರೆ ಮತ್ತೆ ಕೊರೆಸಲು ಹೋಗಬೇಡಿ. ಅನುಮತಿ ಇಲ್ಲದೆ ಮಾಡಿದರೆ ಅಪರಾಧ.

ನಮ್ಮ ಭಾಗದ ಗಾಡಿಗಳ ಕಾಗದ ಹುಡುಕುವುದು ಸ್ವಲ್ಪ ತಿರುಗಾಟದ ಕೆಲಸ. ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆ ಇತ್ತು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಕೊಪ್ಪಳ ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಹಾಗಾಗಿ ಕೊಪ್ಪಳದ ಮನೆಯ ಹಳೆ ಜೀಪಿನ ದಾಖಲೆಯನ್ನು ರಾಯಚೂರಿನಲ್ಲಿ ಕೇಳಬೇಕಾಗಬಹುದು. 1950ಕ್ಕೂ ಹಿಂದಿನ ಗಾಡಿ ಆದರೆ ಇನ್ನೂ ದೂರದ ಎಳೆ ಹಿಡಿಯಬೇಕು. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ನೋಂದಣಿ ದಾಖಲೆಯ ನಕಲು, ತೆಗೆಸಿ. ಮಾಲೀಕರ ಹೆಸರು ಬದಲಾದದ್ದು, ಸಾಲ ತೀರಿದ್ದು, ಇಂಥವೆಲ್ಲ ದಾಖಲಾಗಿದ್ದರೆ ಅದರಲ್ಲಿ ಸಿಗುತ್ತವೆ. ಗಣಿ ಕಡೆ ಓಡಾಡಿದ ಎಷ್ಟೋ ಕಾರುಗಳಿಗೆ ಡೀಸೆಲ್ ಇಂಜಿನ್ ಕೂರಿಸಿದ್ದರು. ಕಾಗದದಲ್ಲಿ ಇಂಧನ ಬದಲಾಗಿದೆಯಾ ಅಂತ ಇಲ್ಲೇ ನೋಡಿಕೊಳ್ಳಿ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟುತ್ತಿದ್ದ ಈ ಕಾರು ಮೊದಲು ಫಿಯಟ್ 1100 ಡಿಲೈಟ್, ಆಮೇಲೆ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಪ್ರೀಮಿಯರ್ ಪದ್ಮಿನಿ. ಇಂಜಿನ್ ಅದೇ 1089 ಸಿಸಿ. ಅಂಗಡಿಯಲ್ಲಿ ಪದ್ಮಿನಿ ಸಾಮಾನು ಸುಲಭವಾಗಿ ಸಿಗುತ್ತದೆ, ಕೂತೂ ಕೂರುತ್ತದೆ. ಹಾಗಂತ ಡಿಲೈಟ್‌ಗೆ ಪದ್ಮಿನಿ ಬ್ಯಾಡ್ಜ್ ಹಾಕಿದರೆ ತೀರ್ಪುಗಾರರು ಇಪ್ಪತ್ತು ಅಡಿ ದೂರದಿಂದಲೇ ಗುರುತು ಹಿಡಿಯುತ್ತಾರೆ.

ಪೇಂಟ್ ಓದುವುದು

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಕಾರಿನ ಮೂಲ ಬಣ್ಣ ಎಲ್ಲಿ ಅಡಗಿರುತ್ತದೆ ಗೊತ್ತಾ? ಡೋರ್ ಪ್ಯಾಡ್ ಹಿಂದೆ, ಸೀಟಿನ ಹಳಿಯ ಕೆಳಗೆ, ಡ್ಯಾಶ್‌ಬೋರ್ಡ್ ಒಳಮೈಯಲ್ಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗದಲ್ಲಿ, ನಂಬರ್ ಪ್ಲೇಟಿನ ಹಿಂದೆ. ಬಿಸಿಲು ತಾಗದ ಜಾಗಗಳಿವು. ಡೋರಿನ ಹೊರಗಿನ ಬಣ್ಣ ನೋಡಿ ಶೇಡ್ ತೀರ್ಮಾನಿಸಬೇಡಿ. ನಮ್ಮೂರ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಬಣ್ಣ ಪೂರ್ತಿ ಬೇರೆಯೇ ಆಗಿರುತ್ತದೆ.

ಪದರ ನೋಡುವುದು ಹೀಗೆ. ಹಿಂದಿನ ನಂಬರ್ ಪ್ಲೇಟ್ ಬಿಚ್ಚಿ, ಅಲ್ಲಿ ಎಂಟಾಣೆ ಅಗಲದ ಜಾಗ ಆರಿಸಿಕೊಳ್ಳಿ. 800 ನಂಬರಿನ ವಾಟರ್ ಪೇಪರನ್ನು ಬೆರಳ ತುದಿಗೆ ಸುತ್ತಿ, ನೀರು ಹಾಕುತ್ತಾ ಒಂದೇ ಜಾಗದಲ್ಲಿ ಗುಂಡಗೆ ತಿಕ್ಕಿ. ಒಂದೊಂದೇ ಬಣ್ಣ ಉಂಗುರದ ಹಾಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ಕಾರಿನಲ್ಲಿ ಮೇಲೆ ಬಿಳಿ, ಅದರ ಕೆಳಗೆ ತೆಳು ಬೂದು, ಆಮೇಲೆ ಒಂದು ಕೂದಲೆಳೆಯಷ್ಟು ಹಳದಿ ಪುಟ್ಟಿ, ಅದರ ಕೆಳಗೆ ಎಳೆ ಹಸಿರು, ಕೊನೆಗೆ ಪ್ರೈಮರ್. ಅಪ್ಪ ಯಾವಾಗಲೂ "ನಮ್ಮ ಹಸಿರು ಕಾರು" ಅನ್ನುತ್ತಿದ್ದರು. ನಾನು ಹುಟ್ಟುವಷ್ಟರಲ್ಲಿ ಅದು ಬಿಳಿಯಾಗಿತ್ತು. ಎಂಟಾಣೆ ಅಗಲದಲ್ಲಿ ಆ ಹಸಿರು ಉಂಗುರ ಕಂಡಾಗ ಅಮ್ಮನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಆ ಉಂಗುರದ ಫೋಟೊ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ತೆಗೆಯಿರಿ. ತಿಕ್ಕಿದ ಜಾಗಕ್ಕೆ ತೆಳುವಾಗಿ ಮೇಣ ಹಚ್ಚಿ ನಂಬರ್ ಪ್ಲೇಟ್ ಮುಚ್ಚಿಬಿಡಿ. ಮತ್ತೆ ಪೇಂಟ್ ಹಚ್ಚಬೇಡಿ, ಅದು ನಿಮ್ಮ ಸಾಕ್ಷಿ.

ಪುಟ್ಟಿ ಎಲ್ಲಿದೆ ಅಂತ ನೋಡಲು ಒಂದು ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಆಡಿಸಿ. ತಗಡು ಇರುವ ಕಡೆ ಹಿಡಿಯುತ್ತದೆ, ದಪ್ಪ ಪುಟ್ಟಿ ಇರುವ ಕಡೆ ಜಾರುತ್ತದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. 100 ಮೈಕ್ರಾನ್ ಆಸುಪಾಸು ಬಂದರೆ ಒಂದೇ ಸಲದ ಪೇಂಟ್ ಅಂತ ಆಸೆ ಇಟ್ಟುಕೊಳ್ಳಬಹುದು. 300 ದಾಟಿದರೆ ಮೇಲೆ ಮೇಲೆ ಹೊಡೆದಿದ್ದಾರೆ.

ಪೂರ್ತಿ ಪೇಂಟ್ ಹೊಡೆಸಲೇಬೇಕಾದರೆ, ಪೇಂಟರ್‌ಗೆ ಮೊದಲೇ ಹೇಳಿ: ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಬೇಡ. ಆ ಕಾಲದ ಸಾದಾ ಬಣ್ಣಕ್ಕೆ ಗಾಜು ಹೊದಿಸಿದಂಥ ಹೊಳಪು ಇರಲಿಲ್ಲ. ಬಾನೆಟ್ ಮೇಲೆ ನಿಮ್ಮ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಕಂಡರೆ ಅದು ಜಾಸ್ತಿಯಾಯಿತು.

ಕೆಂಪು ಧೂಳು

ಸಂಡೂರು, ಹೊಸಪೇಟೆ, ತೋರಣಗಲ್ಲು ಕಡೆ ಓಡಾಡಿದ ಯಾವ ಕಾರಿನಲ್ಲಾದರೂ ಇದು ಇರುತ್ತದೆ. ಡೋರಿನ ಕೆಳಗಿನ ಸಂದು, ಬೀಡಿಂಗ್ ರಬ್ಬರಿನ ಒಳಗೆ, ಹೆಡ್‌ಲೈಟ್ ಬಟ್ಟಲಿನ ಹಿಂದೆ, ಎಲ್ಲ ಕಡೆ ಅದಿರಿನ ಧೂಳು. ಹೊರಗಿನಿಂದ ಬಂದ ತೀರ್ಪುಗಾರರಿಗೆ ಇದು ತುಕ್ಕಿನ ಹಾಗೆ ಕಾಣುತ್ತದೆ. ಅಂಕ ಸುಮ್ನೆ ಹೋಗುತ್ತದೆ.

ಧೂಳೋ ತುಕ್ಕೋ ತಿಳಿಯಲು ಬಿಳಿ ಬಟ್ಟೆ ಒದ್ದೆ ಮಾಡಿ ಒತ್ತಿ, ಉಜ್ಜಬೇಡಿ. ಧೂಳಾದರೆ ಬಟ್ಟೆಗೆ ಬಂದು ಕೆಳಗೆ ನುಣ್ಣಗೆ ಪೇಂಟ್ ಕಾಣುತ್ತದೆ. ತುಕ್ಕಾದರೆ ಬಣ್ಣ ಬಂದರೂ ಕೆಳಗೆ ಒರಟು ಗುಳಿ ಉಳಿಯುತ್ತದೆ, ಉಗುರಿಗೆ ಗೊತ್ತಾಗುತ್ತದೆ.

ಅದಿರು ಗಟ್ಟಿ ಕಲ್ಲು. ಒಣ ಬಟ್ಟೆಯಲ್ಲಿ ಒರೆಸಿದರೆ ಪೇಂಟಿಗೆ ಉಪ್ಪುಕಾಗದ ಹಾಕಿದ ಹಾಗೆ. ದಿನಾ ಬೆಳಿಗ್ಗೆ ಡ್ರೈವರ್ ಒಣ ಬಟ್ಟೆಯಲ್ಲಿ ಜಾಡಿಸಿ ಒರೆಸುವುದು ನಮ್ಮ ಕಡೆ ರೂಢಿ. ಹಳೆ ಕಾರುಗಳ ಬಾನೆಟ್ ಮೇಲೆ ಜೇಡನ ಬಲೆ ಥರ ಗೀರು ಬಿದ್ದಿರುವುದು ಅದರಿಂದಲೇ. ಮೊದಲು ಮೆತ್ತಗಿನ ಪೇಂಟಿಂಗ್ ಬ್ರಶ್‌ನಲ್ಲಿ ಸಂದುಗಳಿಂದ ಉದುರಿಸಿ. ಆಮೇಲೆ ಕಡಿಮೆ ಒತ್ತಡದ ನೀರು ಮೇಲಿನಿಂದ ಕೆಳಗೆ. ಆಮೇಲೆ ಸೌಮ್ಯ ಶಾಂಪೂ ನೀರು, ಹಳೆ ಪಂಚೆ ಬಟ್ಟೆ. ನಮ್ಮ ಬೋರ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಕೂರುತ್ತದೆ. ಕೊನೆಯ ಒಂದು ಬಕೆಟ್ಟಾದರೂ ಫಿಲ್ಟರ್ ನೀರು ಬಳಸಿ.

ಕಾರಿನ ಅಡಿಭಾಗಕ್ಕೆ ಸರ್ವಿಸ್ ಸ್ಟೇಷನ್‌ನ ಜೋರು ನೀರು ಬೇಡ. ಆಕ್ಸಲ್ ಮೇಲೆ, ಸ್ಟೀರಿಂಗ್ ಬಾಕ್ಸ್ ಮೇಲೆ ಕಾರ್ಖಾನೆಯಲ್ಲಿ ತಪಾಸಣೆ ಮಾಡಿದವರು ಹಚ್ಚಿದ ಬಣ್ಣದ ಚುಕ್ಕೆ, ಗೀಟು ಇದ್ದರೂ ಇರಬಹುದು. ಗ್ರೀಸಿನ ಕೆಳಗೆ ಅವು ಅರ್ಧ ಶತಮಾನ ಭದ್ರವಾಗಿರುತ್ತವೆ, ಜೋರು ನೀರಿಗೆ ಒಂದು ನಿಮಿಷ ನಿಲ್ಲುವುದಿಲ್ಲ. ಕಾರಿನ ಕೆಳಗೆ ಮಲಗಿ, ಕಟ್ಟಿಗೆ ಚಕ್ಕೆಯಲ್ಲಿ ಗ್ರೀಸ್ ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕೌಲ್ ಬಜಾರಿನಲ್ಲಿ ನಮ್ಮ ಕಾರು ನೋಡುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ, ನಾವು ಚಾಚಾ ಅಂತೀವಿ. ಹಿಂದಿನ ಆಕ್ಸಲ್ ಮೇಲೆ ಒಂದು ಹಳದಿ ಗೀಟು ಕಂಡಾಗ ನನ್ನ ಕೈ ಹಿಡಿದು ನಿಲ್ಲಿಸಿದರು. "ಇದನ್ನ ಮುಟ್ಟಬ್ಯಾಡ್ರಿ ಸಾಹೇಬ್ರ, ಇದು ನಮ್ಮ ಗ್ಯಾರೇಜಿಂದಲ್ಲ, ಕಂಪನಿದು." ಅಲ್ಲಿಗೇ ಬಿಟ್ಟೆವು.

ಸಣ್ಣ ಸಾಮಾನು

ಅಂಕ ಹೆಚ್ಚು ಹೋಗುವುದು ಇಲ್ಲೇ. ಫಿಯಟ್ ಎಂಎಂ ಅಳತೆಯ ಗಾಡಿ, ಅಂಬಾಸಿಡರ್ ಇಂಚಿನ ಗಾಡಿ. ಫಿಯಟ್ಟಿನಲ್ಲಿ ಯಾವುದಾದರೂ ಬೋಲ್ಟಿಗೆ ಇಂಚಿನ ಸ್ಪಾನರ್ ಸರಿಯಾಗಿ ಕೂತರೆ ಅದು ಎಲ್ಲಿಂದಲೋ ಬಂದದ್ದಿರಬಹುದು. ಬೋಲ್ಟಿನ ತಲೆ ಮೇಲಿನ ಗುರುತು ನೋಡಿ. ಒಂದೇ ಸಾಲಿನ ಆರು ಬೋಲ್ಟುಗಳಲ್ಲಿ ಐದು ಒಂದು ಗುರುತು, ಆರನೆಯದು ಬೇರೆ ಆದರೆ ಆ ಒಂದನ್ನು ಹುಡುಕಿ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಕುರ್ಲಾದ ಸಿಎಸ್‌ಟಿ ರಸ್ತೆ ಕಡೆ ಹೋಗುವವರಿದ್ದರೆ ಅವರ ಕೈಗೆ ಚೀಟಿಯ ಜೊತೆ ಹಳೆ ಸ್ಯಾಂಪಲ್ಲನ್ನೂ ಕೊಟ್ಟು ಕಳಿಸಿ.

ಫ್ಯೂಸ್ ಬಾಕ್ಸ್ ತೆಗೆದು ನೋಡಿ. ಫಿಯಟ್ಟಿನಲ್ಲಿ ಎರಡೂ ತುದಿ ಚೂಪಾದ ಪಿಂಗಾಣಿ ಫ್ಯೂಸ್ ಇರುತ್ತದೆ. ಈಗಿನ ಪ್ಲಾಸ್ಟಿಕ್ ಬ್ಲೇಡ್ ಫ್ಯೂಸ್ ಹಾಕಿಸಿದ್ದರೆ ತೆಗೆಸಿ. ಬ್ಯಾಟರಿ ಚಾರ್ಜ್ ಮಾಡುವ ಹಳೆ ಡೈನಮೋ ಬದಲು ಈಗಿನ ಆಲ್ಟರ್ನೇಟರ್ ಕೂರಿಸಿದ್ದರೆ ಸ್ಪರ್ಧೆಗೆ ಡೈನಮೋ ವಾಪಸ್ ಬರಬೇಕು. ಹೆಡ್‌ಲೈಟಿನಲ್ಲಿ ಎಲ್‌ಇಡಿ ಬೇಡ, ಹಳದಿ ಬೆಳಕಿನ 45/40 ವ್ಯಾಟ್ ಬಲ್ಬ್ ಸಾಕು. ನಾಲ್ಕೂ ಕಡೆಯ ಗಾಜಿನ ಮೂಲೆಯ ಗುರುತು ಒಂದೇ ಥರ ಇದೆಯಾ ನೋಡಿ.

ಟೈರಿನ ಅಳತೆ 5.20-14. ಅಳತೆ ಸರಿ ಇದ್ದರೂ ಹಳೆ ಟೈರ್ ಮೇಲೆ ದೂರ ಓಡಿಸಬೇಡಿ. 2000ದಿಂದ ಈಚಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಪ್ರಾಣಕ್ಕೆ ಸಂಬಂಧಿಸಿದ ಟೈರು, ಬ್ರೇಕ್ ಹೋಸುಗಳಲ್ಲಿ ಹೊಸದು ಹಾಕಿಸಿ, ಫೈಲಿನಲ್ಲಿ ಬರೆದು ತಿಳಿಸಿ. ಇದಕ್ಕೆ ಅರ್ಧ ಅಂಕ ಹೋದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸೀಟು, ಮತ್ತು ನಮ್ಮ ಜೀನ್ಸ್ ಟೇಲರುಗಳು

ಈ ಕೆಲಸದಲ್ಲಿ ಬಳ್ಳಾರಿಯವರು ಅದೃಷ್ಟವಂತರು. ದಪ್ಪ ಬಟ್ಟೆಗೆ ದಪ್ಪ ದಾರದಲ್ಲಿ ನೇರ ಹೊಲಿಗೆ ಹಾಕುವ ಕೈಗಳು ನಮ್ಮೂರಲ್ಲಿ ಓಣಿಗೊಂದು ಸಿಗುತ್ತವೆ. ಆದರೆ ಟೇಲರ್‌ಗೆ "ಚೆನ್ನಾಗಿ ಹೊಲಿದು ಕೊಡಿ" ಅನ್ನಬೇಡಿ, "ಇದರ ಹಾಗೇ ಹೊಲಿದು ಕೊಡಿ" ಅನ್ನಿ. ಹಿಂದಿನ ಸೀಟಿನ ಕೆಳಮಡಿಕೆಯಲ್ಲಿ ಕೈಬೆರಳಷ್ಟು ಹಳೆ ರೆಕ್ಸಿನ್ ಹೊಲಿಗೆ ಸಮೇತ ಉಳಿದಿರುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಇಂಚಿಗೆ ಎಷ್ಟು ಹೊಲಿಗೆ ಅಂತ ಎಣಿಸಿ. ನಮ್ಮದರಲ್ಲಿ ಆರು ಬಂತು. ಟೇಲರ್ ರೂಢಿಯಂತೆ ಒಂಬತ್ತು ಹಾಕಿದ್ದರು, ಇನ್ನೂ ಅಂದವಾಗಿ ಕಾಣುತ್ತಿತ್ತು. ಬಿಚ್ಚಿಸಿ ಮತ್ತೆ ಆರಕ್ಕೇ ಹೊಲಿಸಿದೆವು. ಸೀಟಿನ ಅಂಚಿಗೆ ಹೊಲಿದ ಪೈಪಿಂಗಿನ ದಪ್ಪ, ಅದು ಯಾವ ಮೂಲೆಯಲ್ಲಿ ಜೋಡಣೆ ಆಗುತ್ತದೆ ಅನ್ನುವುದನ್ನೂ ಬರೆದಿಡಿ.

ಒಳಗಿನ ಸ್ಪ್ರಿಂಗು, ಅದರ ಮೇಲಿನ ನಾರಿನ ಪದರ ಚೆನ್ನಾಗಿದ್ದರೆ ಬಿಡಿ. ಫೋಮ್ ತುಂಬಿಸಿದರೆ ಸೀಟು ಉಬ್ಬಿ ನಿಲ್ಲುತ್ತದೆ, ಆ ಕಾಲದ ಸೀಟು ಹಾಗೆ ಕೂರುತ್ತಿರಲಿಲ್ಲ. ಡ್ಯಾಶ್‌ಬೋರ್ಡಿಗೂ ಬೀಡಿಂಗ್ ರಬ್ಬರಿಗೂ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಕೆಲವರಿಗಿದೆ. ಎರಡು ದಿನ ಮಿಂಚಿ, ಮೂರನೆಯ ದಿನ ಕೆಂಪು ಧೂಳೆಲ್ಲ ಅದಕ್ಕೇ ಅಂಟುತ್ತದೆ. ರಬ್ಬರ್ ಕೂಡ ಮೆತ್ತಗಾಗಿ ಹಾಳಾಗುತ್ತದೆ.

ಕ್ರೋಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲ್ಮೈ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಬಹಳಷ್ಟು ಹೋಗುತ್ತದೆ. ಪ್ಲೇಟಿಂಗಿಗೆ ಕೊಡಲೇಬೇಕಾದರೆ ಮೊದಲು ಒಂದು ಚಿಕ್ಕ ತುಂಡು ಕೊಟ್ಟು ಕೆಲಸ ನೋಡಿ. ಅಕ್ಷರ, ಅಚ್ಚು ಇರುವ ಸಾಮಾನು ಮಾತ್ರ ಕೊಡಬೇಡಿ.

ಕುಂಕುಮದ ಕಲೆ

ಐವತ್ತು ಆಯುಧಪೂಜೆ ಕಂಡ ಕಾರು ನಮ್ಮದು. ಸ್ಟೀರಿಂಗ್ ನಡುವೆ, ಬಾನೆಟ್ ತುದಿಯಲ್ಲಿ ಅರಿಶಿನ ಕುಂಕುಮದ ಕಲೆ ಪೇಂಟಿನ ಒಳಗೇ ಇಳಿದಿದೆ. ಮುಂದಿನ ಗಾಜಿನ ಮೇಲೆ ದುರ್ಗಮ್ಮನ ಹೆಸರಿನ ಸ್ಟಿಕ್ಕರ್. ಇದನ್ನೆಲ್ಲ ತೆಗೆಯಬೇಕಾ? ನನ್ನ ಉತ್ತರ ಹೀಗೆ. ಹೊಸದಾಗಿ ಕಟ್ಟಿದ ಕಾರಿನ ವಿಭಾಗಕ್ಕೆ ಹೋದರೆ ಸ್ಟಿಕ್ಕರ್ ಇರಬಾರದು. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಬಿಡಿಸಿ, ಕಾಗದಕ್ಕೆ ಅಂಟಿಸಿ ಫೈಲಿನಲ್ಲಿಡಿ. ಇದ್ದ ಹಾಗೇ ಉಳಿಸಿದ ಕಾರಿನ ವಿಭಾಗಕ್ಕಾದರೆ ಇಳಿದುಹೋದ ಕಲೆಯನ್ನು ತೆಗೆಯಲು ಪಾಲಿಶ್ ಹಾಕಬೇಡಿ. ಕಲೆ ಹೋಗುವಷ್ಟರಲ್ಲಿ ಪೇಂಟೂ ಹೋಗಿರುತ್ತದೆ. ಮುಂದಿನ ಪೂಜೆಗೆ ಕುಂಕುಮವನ್ನು ನೇರ ಕಾರಿಗೆ ಹಚ್ಚದೆ, ಒಂದು ವೀಳ್ಯದೆಲೆ ಇಟ್ಟು ಅದರ ಮೇಲೆ ಹಚ್ಚಿ. ನಮ್ಮಮ್ಮ ಈಗ ಹಾಗೇ ಮಾಡುತ್ತಾರೆ.

ಫೈಲು, ಮತ್ತು ಆ ದಿನ

ತೀರ್ಪುಗಾರರಿಗೆ ಒಂದು ಕಾರಿಗೆ ಸಿಗುವುದು ಕೆಲವೇ ನಿಮಿಷ. ಅದಕ್ಕೇ ಫೈಲು ತೆಳ್ಳಗಿರಲಿ. ಪೆನ್ಸಿಲ್ ಪ್ರಿಂಟ್, ಬಿ ಎಕ್ಸ್‌ಟ್ರಾಕ್ಟ್, ಕೊಂಡ ಬಿಲ್ಲು ಇದ್ದರೆ ಅದು, ಬಣ್ಣದ ಉಂಗುರದ ಫೋಟೊ, ಮದುವೆ ಫೋಟೊ, ಕೊನೆಗೆ ಒಂದೇ ಪುಟದಲ್ಲಿ ‘ಇವು ಬದಲಾಗಿವೆ’ ಅನ್ನುವ ಪಟ್ಟಿ. ಆ ಪಟ್ಟಿ ಪ್ರಾಮಾಣಿಕವಾಗಿರಲಿ. ನೀವೇ ಮೊದಲು ಹೇಳಿದರೆ ಉಳಿದದ್ದನ್ನು ಅವರು ನಂಬುತ್ತಾರೆ. ನಾನು ನಮ್ಮ ಬ್ಯಾಡ್ಜಿನ ಕಥೆಯನ್ನು ಅದರಲ್ಲೇ ಬರೆದಿದ್ದೇನೆ.

ಬೆಂಗಳೂರಿಗೆ ಇಲ್ಲಿಂದ ಸುಮಾರು 300 ಕಿ.ಮೀ. ಓಡಿಸಿಕೊಂಡು ಹೋಗುವುದಾದರೆ ಬೆಳಗಿನ ಜಾವ ಹೊರಡಿ, ಹಿರಿಯೂರು ದಾಟುವವರೆಗೆ ಬಿಸಿಲು ಏರದಿರಲಿ. ಕ್ಯಾರಿಯರ್ ಲಾರಿಯಲ್ಲಾದರೆ ಹಗ್ಗವನ್ನು ಬಂಪರ್‌ಗೆ ಕಟ್ಟಲು ಬಿಡಬೇಡಿ, ಚಕ್ರಕ್ಕೆ ಕಟ್ಟಿಸಿ. ಹಿಂದಿನ ದಿನವೇ ತಲುಪಿ, ರಾತ್ರಿ ತೊಳೆದು, ಬೆಳಿಗ್ಗೆ ಒದ್ದೆ ಬಟ್ಟೆ ಆಡಿಸಿದರೆ ಸಾಕು. ಜ್ಯಾಕ್, ವೀಲ್ ಸ್ಪಾನರ್, ಸ್ಟೆಪ್ನಿ ಡಿಕ್ಕಿಯಲ್ಲಿ ತಮ್ಮ ಜಾಗದಲ್ಲಿರಲಿ. ಅಂಬಾಸಿಡರ್ ಆದರೆ ಸ್ಟಾರ್ಟಿಂಗ್ ಹ್ಯಾಂಡಲ್ ಮರೆಯಬೇಡಿ. ಹಾರ್ನ್, ವೈಪರ್, ಬ್ರೇಕ್ ಲೈಟ್, ಒಳಗಿನ ದೀಪ ಎಲ್ಲ ಹಾಕಿ ತೋರಿಸಲು ಕೇಳುತ್ತಾರೆ.

ತೀರ್ಪುಗಾರರು ಮಾತಾಡುವಾಗ ವಾದ ಮಾಡಬೇಡಿ, ಬರೆದುಕೊಳ್ಳಿ. ಅಂಕಪಟ್ಟಿಯ ನಕಲು ಕೊಟ್ಟರೆ ಕೇಳಿ ತೆಗೆದುಕೊಳ್ಳಿ. ಮೊದಲ ಸಲ ನಮಗೆ ಬಹುಮಾನ ಬರಲಿಲ್ಲ. ಆದರೆ ಒಬ್ಬ ಹಿರಿಯ ತೀರ್ಪುಗಾರರು ನಂಬರ್ ಪ್ಲೇಟ್ ಬಿಚ್ಚಿಸಿ, ಕನ್ನಡಕ ಏರಿಸಿ, ಆ ಹಸಿರು ಉಂಗುರವನ್ನು ಬಗ್ಗಿ ನೋಡಿದರು. "ಇದನ್ನು ಮುಚ್ಚಬೇಡಿ" ಅಂದರು. ಮನೆಗೆ ಬಂದ ಮೇಲೆ ನೋಟ್‌ಬುಕ್ಕಿನ ‘ಗೊತ್ತಿಲ್ಲದ್ದು’ ಸಾಲಿನಿಂದ ಹನ್ನೊಂದು ಸಾಮಾನು ಬೇರೆ ಸಾಲುಗಳಿಗೆ ಹೋದವು. ಇನ್ನೂ ಇಪ್ಪತ್ಮೂರು ಉಳಿದಿವೆ. ಈ ದಸರಾ ಮುಗಿದ ಮೇಲೆ ಡ್ಯಾಶ್‌ಬೋರ್ಡಿನ ಹಿಂಭಾಗದಿಂದ ಶುರು ಮಾಡುತ್ತೇವೆ.